ಗುರುವನ್ನು ಅಳೆಯುವ ಕೊಳಗ

ಭತ್ತವನ್ನು ಅಳೆಯುವುದಕ್ಕೆ ನಮ್ಮ ಕೊಡಗಿನಲ್ಲಿ ಬಟ್ಟಿಯ ಲೆಕ್ಕವುಂಟು. ಕಾಫಿಗೆ ಚೀಲದ ಲೆಕ್ಕವುಂಟು. ಮಳೆಗೆ ಇಂಚಿನ ಲೆಕ್ಕವುಂಟು. ಗುರುವನ್ನು ಅಳೆಯುವುದಕ್ಕೆ ಯಾವ ಕೊಳಗವುಂಟು? ಶಿಷ್ಯರು ಪಡೆದ ಅಂಕಗಳೆ, ಗೆದ್ದು ತಂದ ಪಾರಿತೋಷಕಗಳೆ, ಅಥವಾ ಮೂವತ್ತು ವರ್ಷಗಳ ತರುವಾಯ ಅವರ ಮನಸ್ಸಿನಲ್ಲಿ ಉಳಿದ ಮಾತೆ? ವಿದ್ಯಾಸಂಸ್ಥೆಯೊಂದರ ವಾರ್ಷಿಕ ಸಂಚಿಕೆಯಲ್ಲಿ ಕೇಳಬೇಕಾದ ಪ್ರಶ್ನೆಯೇ ಇದು. ಇದನ್ನು ಬರಿಯ ಶಾಸ್ತ್ರಚರ್ಚೆಯಾಗಿ ಎತ್ತಿದರೆ ವಾಚಕರಿಗೆ ಬೇಸರವಾದೀತು. ಆದುದರಿಂದ ಎಲ್ಲರೂ ಬಲ್ಲ, ಎಲ್ಲರೂ ಒಮ್ಮೆ ಹೊಗಳಿ ಒಮ್ಮೆ ತೆಗಳಿರುವ ಗುರುವೊಬ್ಬರನ್ನು ಮುಂದಿರಿಸಿಕೊಂಡು ವಿಚಾರಮಾಡುವುದು ಲೇಸೆಂದು ತೋರುತ್ತದೆ.

ಆ ಗುರು ಕ್ರೀಡಾಂಗಣದವರು. ಇಂದೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬೆಳೆದು, ಕನ್ನಡಿಗರೆಲ್ಲರೂ ನಮ್ಮವರೆಂದು ಎದೆಯುಬ್ಬಿಸಿ ಹೇಳಿಕೊಳ್ಳುವ ರಾಹುಲ್ ದ್ರಾವಿಡ್ ಅವರು. ಆಟದ ಮಾತು ಕನ್ನಡ ಪಂಡಿತನ ಲೇಖನಿಗೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಕೊಡಗಿನಲ್ಲಿ ವಾಸವಾಗಿದ್ದು ಆಟದ ಮಾತನ್ನು ಕೇಳದೆ ಇರುವುದು, ಮಡಿಕೇರಿಯಲ್ಲಿದ್ದು ಆಷಾಢದ ಮಳೆಯಲ್ಲಿ ನೆನೆಯದೆ ಇರುವಷ್ಟೇ ಕಷ್ಟ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳೊಡನೆ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ 2024ರ ವೇಳೆಗೆ 360 ಕುಟುಂಬಗಳ ತಂಡಗಳು ಭಾಗವಹಿಸಿ ಗಿನ್ನೆಸ್ ದಾಖಲೆಯನ್ನು ಬರೆದುವು. ಇಂತಹ ನೆಲದಲ್ಲಿ ಆಟಗಾರನ, ಆಟ ಕಲಿಸುವವನ ಗುಣದೋಷಗಳು ಮನೆಯ ಜಗಲಿಯ ಮೇಲೆ ವಿಚಾರಣೆಗೆ ಬರುವುದು ಸಹಜ. ಹಾಕಿ ನಮ್ಮ ಮನೆಯ ಆಟವಾದರೂ ಕ್ರಿಕೆಟ್ಟಿನ ಚರ್ಚೆಗೆ ಇಲ್ಲಿ ಬರವಿಲ್ಲ. ದ್ರಾವಿಡ್ ಅವರನ್ನು ಕುರಿತ ವಾದವಂತೂ ಕಾಫಿಯ ಕಣದಿಂದ ಅಧ್ಯಾಪಕರ ಕೊಠಡಿಯವರೆಗೆ ಎಲ್ಲೆಡೆಯೂ ನಡೆದಿದೆ.

ಅವರು 2021ರ ನವೆಂಬರಿನಿಂದ 2024ರ ಜೂನ್‌ವರೆಗೆ ಭಾರತದ ಪುರುಷರ ಕ್ರಿಕೆಟ್ ತಂಡದ ಮುಖ್ಯ ತರಬೇತುದಾರರಾಗಿದ್ದರು. ಆಟಗಾರರಾಗಿ ಅವರ ಹಿರಿಮೆಯನ್ನು ಯಾರೂ ಅಲ್ಲಗಳೆಯರು. 164 ಟೆಸ್ಟ್ ಪಂದ್ಯಗಳಲ್ಲಿ 13,288 ಓಟಗಳು ಆ ಹಿರಿಮೆಗೆ ಸಾಕ್ಷಿ. ಆದರೆ ಕಲಿಸುವವರಾಗಿ ಅವರು ಬಿಟ್ಟುಹೋದುದೇನು ಎಂಬಲ್ಲಿ ಅಭಿಮಾನಿಗಳ ಮನಸ್ಸು ಇಬ್ಬಗೆಯಾಗಿದೆ. ಒಬ್ಬನೇ ಅಭಿಮಾನಿ ಬೆಳಿಗ್ಗೆ ಒಂದು ಬಗೆಯಾಗಿಯೂ ಸಂಜೆ ಇನ್ನೊಂದು ಬಗೆಯಾಗಿಯೂ ಮಾತನಾಡುವುದನ್ನು ಕೇಳಿದ್ದೇವೆ. ಶಾಸ್ತ್ರಸಂಪ್ರದಾಯದಂತೆ ಮೊದಲು ಪೂರ್ವಪಕ್ಷವನ್ನು ಕೇಳೋಣ.

ಆಕ್ಷೇಪಿಸುವವರ ಪಟ್ಟಿ ಚಿಕ್ಕದಲ್ಲ. ಬಂದ ಹೊಸತರಲ್ಲಿಯೇ ದಕ್ಷಿಣ ಆಫ್ರಿಕದಲ್ಲಿ ಮೊದಲ ಟೆಸ್ಟನ್ನು ಗೆದ್ದೂ ಸರಣಿಯನ್ನು 1–2ರಿಂದ ಬಿಟ್ಟುಕೊಟ್ಟದ್ದಾಯಿತು. 2022ರ ಜುಲೈಯಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಇಂಗ್ಲೆಂಡ್ ತಂಡವು 378 ಓಟಗಳ ಗುರಿಯನ್ನು ಬರಿಯ ಮೂರು ವಿಕೆಟ್‌ಗಳ ನಷ್ಟದಲ್ಲಿ ಮುಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಅಡಿಲೇಡಿನಲ್ಲಿ ನಡೆದ ಟಿ-20 ವಿಶ್ವಕಪ್ ಉಪಾಂತ್ಯದಲ್ಲಿ ನಮ್ಮವರು ಅಂಜಂಜುತ್ತ ಆಡಿ 168 ಓಟ ಕೂಡಿಸಿದರೆ, ಇಂಗ್ಲೆಂಡಿನ ಇಬ್ಬರು ಆರಂಭಿಕರೇ 16 ಓವರುಗಳಲ್ಲಿ ಅದನ್ನು ದಾಟಿಬಿಟ್ಟರು. 2023ರ ಜೂನಿನಲ್ಲಿ ಓವಲ್ ಮೈದಾನದಲ್ಲಿ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯ. ಅಂದು ಟೆಸ್ಟ್ ಬೌಲರುಗಳ ಶ್ರೇಯಾಂಕದಲ್ಲಿ ಮೊದಲಿಗರಾಗಿದ್ದ ರವಿಚಂದ್ರನ್ ಅಶ್ವಿನ್ ಅವರನ್ನು ಹೊರಗೆ ಕೂರಿಸಿ ಆಡಿದ ಭಾರತ 209 ಓಟಗಳಿಂದ ಸೋತಿತು. ಆ ಆಯ್ಕೆಯನ್ನು ಇಂದಿಗೂ ಒಪ್ಪದವರು ಬಹಳ. ಕೊನೆಗೆ 2023ರ ನವೆಂಬರ್ 19ರ ಅಹಮದಾಬಾದ್: ಸತತವಾಗಿ ಹತ್ತು ಪಂದ್ಯಗಳನ್ನು ಗೆದ್ದು ಬಂದ ತಂಡ ಅಂತಿಮ ಪಂದ್ಯದಲ್ಲಿ 240 ಓಟಗಳಿಗೆ ಆಲೌಟಾಗಿ ಆಸ್ಟ್ರೇಲಿಯಕ್ಕೆ ಆರು ವಿಕೆಟ್‌ಗಳಿಂದ ಸೋತಿತು. ಆ ರಾತ್ರಿ ಕೊಡಗಿನಲ್ಲಿಯೂ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಿಸುವ ಮನಸ್ಸೂ ಯಾರಿಗೂ ಇರಲಿಲ್ಲ. ಎಚ್ಚರಿಕೆಯೇ ದ್ರಾವಿಡ್ ಅವರ ಗುಣ, ಎಚ್ಚರಿಕೆಯೇ ಅವರ ದೋಷ ಎಂಬುದು ಆಕ್ಷೇಪದ ಸಾರ.

ಇನ್ನು ಉತ್ತರಪಕ್ಷ. 2024ರ ಜೂನ್ 29ರಂದು ಬಾರ್ಬಡೋಸಿನ ಬ್ರಿಜ್‌ಟೌನಿನಲ್ಲಿ ಭಾರತ ತಂಡವು ದಕ್ಷಿಣ ಆಫ್ರಿಕವನ್ನು ಏಳು ಓಟಗಳಿಂದ ಸೋಲಿಸಿ ಟಿ-20 ವಿಶ್ವಕಪ್ಪನ್ನು ಗೆದ್ದಿತು. ಅದೇ ದ್ರಾವಿಡ್ ಅವರ ಕೊನೆಯ ಪಂದ್ಯ. ವಿರಾಟ್ ಕೊಹ್ಲಿ ಅವರು ಕಪ್ಪನ್ನು ತಂದು ಗುರುವಿನ ಕೈಗಿತ್ತಾಗ, ಜೀವಮಾನವೆಲ್ಲ ಮಿತಭಾಷಿಯೆನಿಸಿಕೊಂಡಿದ್ದ ಆ ವ್ಯಕ್ತಿ ಬಾಯ್ತೆರೆದು ಕೂಗಿದುದನ್ನು ಜಗತ್ತೇ ನೋಡಿತು. ಆ ಕೂಗಿನ ಹಿಂದೆ ಹದಿನೇಳು ವರ್ಷಗಳ ಮೌನವಿತ್ತು. 2007ರಲ್ಲಿ ಅದೇ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಅವರು ನಾಯಕರಾಗಿದ್ದ ತಂಡ ಬಾಂಗ್ಲಾದೇಶಕ್ಕೂ ಶ್ರೀಲಂಕಕ್ಕೂ ಸೋತು ವಿಶ್ವಕಪ್ಪಿನ ಮೊದಲ ಸುತ್ತಿನಲ್ಲಿಯೇ ಹಿಂದಿರುಗಿತ್ತು. ನಮ್ಮ ಕೊಡಗಿನ ರಾಬಿನ್ ಉತ್ತಪ್ಪನವರೂ ಆ ತಂಡದಲ್ಲಿದ್ದುದರಿಂದ ಆ ನೋವಿನ ಪಾಲು ನಮಗೂ ತುಸು ಹೆಚ್ಚಾಗಿಯೇ ಸಂದಿತ್ತು.

ಎರಡು ಪಕ್ಷಗಳನ್ನೂ ಕೇಳಿದ್ದಾಯಿತು. ಎರಡೂ ಒಂದೇ ಕೊಳಗದಿಂದ ಅಳೆಯುತ್ತಿವೆ ಎಂಬುದನ್ನು ವಾಚಕರು ಗಮನಿಸಬೇಕು. ಸೋತ ದಿನವನ್ನು ತೋರಿಸಿ ಗುರು ಹುಸಿಯೆಂದು ಒಬ್ಬನು ಹೇಳಿದರೆ, ಗೆದ್ದ ದಿನವನ್ನು ತೋರಿಸಿ ಗುರು ದಿಟವೆಂದು ಮತ್ತೊಬ್ಬನು ಹೇಳುತ್ತಾನೆ. ಅನ್ನ ಬೆಂದಿದೆಯೆ ಎಂದು ಅರಿಯಲು ಮಡಕೆಯಿಂದ ಒಂದು ಅಗುಳನ್ನು ಹಿಸುಕಿ ನೋಡುವುದಕ್ಕೆ ನಮ್ಮ ಹಿರಿಯರು ಸ್ಥಾಲೀಪುಲಾಕ ನ್ಯಾಯವೆಂದು ಹೆಸರಿಟ್ಟರು. ಒಂದೇ ಮಡಕೆ, ಒಂದೇ ನೀರು, ಒಂದೇ ಉರಿಯಲ್ಲಿ ಬೆಂದ ಅಗುಳುಗಳಿಗೆ ಆ ನ್ಯಾಯ ಸಲ್ಲುತ್ತದೆ. ಮನುಷ್ಯನ ದಿನಗಳು ಒಂದೇ ಉರಿಯಲ್ಲಿ ಬೇಯುವುದಿಲ್ಲವಾದುದರಿಂದ ಒಂದು ದಿನದ ಅಗುಳನ್ನು ಹಿಸುಕಿ ಇಡೀ ಬಾಳನ್ನು ಬೆಂದಿತು, ಬೇಯಲಿಲ್ಲ ಎನ್ನುವುದು ಆ ನ್ಯಾಯದ ದುರುಪಯೋಗ.

ಇನ್ನೊಂದು ನ್ಯಾಯವನ್ನೂ ಇಲ್ಲಿ ನೆನೆಯಬೇಕು. ಕಾಗೆ ಬಂದು ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಕಾಲ ಒಂದೇ ಆದ ಮಾತ್ರಕ್ಕೆ ಕಾಗೆಯೇ ಹಣ್ಣನ್ನು ಬೀಳಿಸಿತೆನ್ನಲಾಗದು, ಇದು ಕಾಕತಾಲೀಯ. ಬ್ರಿಜ್‌ಟೌನಿನಲ್ಲಿ ಒಂದು ಹಂತದಲ್ಲಿ ಎದುರಾಳಿಗಳಿಗೆ 30 ಎಸೆತಗಳಲ್ಲಿ 30 ಓಟಗಳು ಮಾತ್ರ ಬೇಕಾಗಿದ್ದುವು. ಆರು ವಿಕೆಟ್‌ಗಳು ಉಳಿದಿದ್ದುವು. ಕೊನೆಯ ಓವರಿನ ಮೊದಲ ಎಸೆತದಲ್ಲಿ ಸೂರ್ಯಕುಮಾರ್ ಯಾದವ್ ಅವರು ಗಡಿಗೆರೆಯ ಅಂಚಿನಲ್ಲಿ ಹಿಡಿದ ಕ್ಯಾಚು ಒಂದು ಗೇಣು ಆಚೆ ಬಿದ್ದಿದ್ದರೆ? ಅದೇ ತರಬೇತುದಾರ, ಅದೇ ತರಬೇತಿ, ಅದೇ ಪರಿಶ್ರಮ. ಆದರೆ ನಮ್ಮ ತೀರ್ಪು ಮಾತ್ರ ತಲೆಕೆಳಗಾಗುತ್ತಿತ್ತು. ಒಂದು ಗೇಣಿನಿಂದ ತಲೆಕೆಳಗಾಗುವ ತೀರ್ಪನ್ನು ತೀರ್ಪೆಂದು ಕರೆಯುವುದು ಹೇಗೆ?

ಈ ಮಾತು ಕೊಡಗಿನವರಿಗೆ ಹೊಸದಲ್ಲ. 1973ರಲ್ಲಿ ಹಾಲೆಂಡಿನ ಆಮ್‌ಸ್ಟೆಲ್‌ವೀನಿನಲ್ಲಿ ನಡೆದ ವಿಶ್ವಕಪ್ ಹಾಕಿಯ ಅಂತಿಮ ಪಂದ್ಯದಲ್ಲಿ ಭಾರತದ ನಾಯಕರಾಗಿದ್ದವರು ನಮ್ಮ ಎಂ. ಪಿ. ಗಣೇಶ್. ಎರಡು ಗೋಲುಗಳ ಮುನ್ನಡೆ ಪಡೆದ ತಂಡ ಸಮಬಲಕ್ಕೆ ಇಳಿಯಿತು. ಹೆಚ್ಚುವರಿ ಆಟದಲ್ಲಿ, ಮೊದಲು ಗೋಲು ಹೊಡೆದವರೇ ಗೆದ್ದಂತೆ ಎಂಬ ಘಟ್ಟದಲ್ಲಿ, ದೊರೆತ ಪೆನಾಲ್ಟಿ ಸ್ಟ್ರೋಕ್ ಗೋಲಾಗಲಿಲ್ಲ. ಅದನ್ನು ಹೊಡೆದವರು ಕೊಡಗಿನವರೇ ಆದ ಬಿ. ಪಿ. ಗೋವಿಂದ. ಕೊನೆಗೆ ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ ಹಾಲೆಂಡ್ ಗೆದ್ದಿತು. ಆ ಒಂದು ಹೊಡೆತದಿಂದ ಗೋವಿಂದ ಅವರನ್ನು ಅಳೆದವರು, 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ಪನ್ನು ಗೆದ್ದ ತಂಡದಲ್ಲಿ ಅವರೂ ಇದ್ದರೆಂಬುದನ್ನು ಮರೆತರು. ಗೆದ್ದ ದಿನವೂ ಸೋತ ದಿನವೂ ಒಬ್ಬನದೇ ಎಂದು ತಿಳಿಯುವುದಕ್ಕೆ ನಮಗೆ ಪರದೇಶದ ದೃಷ್ಟಾಂತ ಬೇಕಾಗಿಲ್ಲ.

ಹಾಗಾದರೆ ಸಿದ್ಧಾಂತವೇನು? ಗುರುವನ್ನು ಅಳೆಯುವಾಗ ಆತನ ಕೈಯಲ್ಲಿದ್ದುದನ್ನು ಮೊದಲು ನೋಡಬೇಕು. ಕೈಮೀರಿದುದನ್ನು ಆಮೇಲೆ ನೋಡಬೇಕು. ಚೆಂಡು ಗಡಿಗೆರೆಯ ಎತ್ತ ಕಡೆ ಬೀಳುವುದೆಂಬುದು ದ್ರಾವಿಡ್ ಅವರ ಕೈಯಲ್ಲಿರಲಿಲ್ಲ. ಅವರ ಕೈಯಲ್ಲಿದ್ದುದು ಯಾವುದು?

ಅವರು 2015ರಿಂದ ಹತ್ತೊಂಬತ್ತು ವರ್ಷದೊಳಗಿನವರಿಗೂ ‘ಎ’ ತಂಡಕ್ಕೂ ಗುರುವಾಗಿದ್ದರು. ‘ಎ’ ತಂಡವನ್ನು ಪ್ರವಾಸಕ್ಕೆ ಕರೆದೊಯ್ದಾಗ, ತಂಡದಲ್ಲಿರುವ ಪ್ರತಿಯೊಬ್ಬ ಹುಡುಗನಿಗೂ ಒಂದು ಪಂದ್ಯವಾದರೂ ಆಡಲು ದೊರೆಯಬೇಕೆಂಬುದನ್ನು ಅವರು ನಿಯಮವಾಗಿ ಇರಿಸಿಕೊಂಡಿದ್ದರು. ಪ್ರವಾಸಕ್ಕೆ ಹೋಗಿಯೂ ಆಡದೆ ಹಿಂದಿರುಗುವ ತರುಣನ ಸಂಕಟವನ್ನು ತಾವೇ ಅನುಭವಿಸಿದ್ದರಿಂದ ಈ ನಿಯಮ ಹುಟ್ಟಿತು. 19ರ ಒಳಗಿನ ವಿಶ್ವಕಪ್ಪಿನಲ್ಲಿ ಒಮ್ಮೆ ಆಡಿದವನು ಮತ್ತೊಮ್ಮೆ ಆಡದೆ ಇನ್ನೊಬ್ಬನಿಗೆ ಎಡೆಮಾಡಿಕೊಡಬೇಕೆಂಬ ಪದ್ಧತಿಗೂ ಅವರ ಬೆಂಬಲವಿತ್ತು. ಕಪ್ಪನ್ನು ಗೆಲ್ಲುವುದೊಂದೇ ಗುರಿಯಾದವನು ಇಂತಹ ಪದ್ಧತಿಯನ್ನು ಒಪ್ಪುವುದಿಲ್ಲ. ಪಳಗಿದವನನ್ನೇ ಮತ್ತೆ ಆಡಿಸುತ್ತಾನೆ.

2018ರ ಫೆಬ್ರವರಿಯಲ್ಲಿ ಆ ತರುಣರು ನ್ಯೂಜಿಲೆಂಡಿನಲ್ಲಿ ಆಸ್ಟ್ರೇಲಿಯವನ್ನು ಎಂಟು ವಿಕೆಟ್‌ಗಳಿಂದ ಸೋಲಿಸಿ ವಿಶ್ವಕಪ್ಪನ್ನು ಗೆದ್ದಾಗ ಕ್ರಿಕೆಟ್ ಮಂಡಲಿಯು ದ್ರಾವಿಡ್ ಅವರಿಗೆ 50 ಲಕ್ಷ ರೂಪಾಯಿಗಳನ್ನೂ, ಉಳಿದ ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷವನ್ನೂ ಘೋಷಿಸಿತು. ಈ ಭೇದ ಸಲ್ಲದೆಂದು ಅವರು ತಕರಾರು ತೆಗೆದರು. ಪರಿಣಾಮವಾಗಿ ಎಲ್ಲರಿಗೂ ಸಮನಾಗಿ 25 ಲಕ್ಷ ದೊರೆಯಿತು. ಹಿಂದಿನ ವರ್ಷ ಸಿದ್ಧತೆಯ ಕಾಲದಲ್ಲಿ ದುಡಿದವರೂ ಪಟ್ಟಿಗೆ ಸೇರಿದರು. ತಮ್ಮ ಪಾಲು ಅರ್ಧವಾದುದನ್ನು ಅವರು ತಾವಾಗಿಯೇ ಬರಮಾಡಿಕೊಂಡರು. 2024ರ ವಿಶ್ವಕಪ್ಪಿನ ಬಹುಮಾನ ಹಂಚಿಕೆಯಲ್ಲಿಯೂ ಇತರ ತರಬೇತುದಾರರಿಗಿಂತ ಹೆಚ್ಚಿನ ಪಾಲು ತಮಗೆ ಬೇಡವೆಂದರೆಂದು ವರದಿಯಾಯಿತು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ನೀಡಲು ಮುಂದಾದಾಗ, ಕ್ರೀಡಾಕ್ಷೇತ್ರದಲ್ಲಿ ಸಂಶೋಧನೆ ಮಾಡಿ ಅದನ್ನು ಸಂಪಾದಿಸಿಕೊಳ್ಳಲು ಯತ್ನಿಸುವೆನೆಂದು ವಿನಯದಿಂದ ನಿರಾಕರಿಸಿದುದೂ ಸರ್ವವಿದಿತ. ಪದವಿಗಳು ಹಾರದಂತೆ ಸುಲಭವಾಗಿ ಕೊರಳಿಗೆ ಬೀಳುವ ಈ ಕಾಲದಲ್ಲಿ ವಿದ್ಯಾಸಂಸ್ಥೆಗಳು ಗೋಡೆಯ ಮೇಲೆ ಬರೆದಿಡಬೇಕಾದ ಸಂಗತಿ ಇದು.

ಆದರೆ ಇಷ್ಟನ್ನು ಹೇಳಿ ಆರತಿ ಎತ್ತಿ ಮುಗಿಸಿದರೆ ನಾವೂ ಪಕ್ಷಪಾತಿಗಳಾದೇವು. ಒಳ್ಳೆಯತನವನ್ನು ಗುರಾಣಿಯಾಗಿ ಹಿಡಿದು ಯಾವ ಪ್ರಶ್ನೆಯನ್ನೂ ಒಳಬಿಡದ ಅಭಿಮಾನಿಗಳ ಪಂಗಡವೊಂದು ಬೆಳೆದಿದೆ. ಓವಲ್ ಮೈದಾನದಲ್ಲಿ ಅಶ್ವಿನ್ ಅವರನ್ನು ಕೂರಿಸಿದುದೇಕೆ ಎಂದು ಕೇಳಿದರೆ, ಅಂತಹ ಸಜ್ಜನರನ್ನು ಪ್ರಶ್ನಿಸುವಿರಾ ಎಂದು ಮರುಪ್ರಶ್ನೆ ಬರುತ್ತದೆ. ಸೌಜನ್ಯ ಒಂದು ಗುಣ, ಯುಕ್ತಾಯುಕ್ತ ವಿವೇಚನೆ ಇನ್ನೊಂದು ಗುಣ. ಒಂದರ ಸಾಲವನ್ನು ಇನ್ನೊಂದರ ಖಾತೆಯಿಂದ ತೀರಿಸಲಾಗದು. ಆಯ್ಕೆ ನಾಯಕ ರೋಹಿತ್ ಶರ್ಮ ಅವರದೂ ಹೌದು, ಮೋಡ ಕವಿದ ವಾತಾವರಣ ಕಾರಣವಾಗಿದ್ದುದೂ ಹೌದು. ಆದರೂ ಹೊಣೆಯ ಒಂದು ಪಾಲು ಗುರುವಿನದೇ. 2022ರಲ್ಲಿ ಹಿರಿಯ ವಿಕೆಟ್ ಕೀಪರ್ ವೃದ್ಧಿಮಾನ್ ಸಾಹಾ ಅವರಿಗೆ ಮುಂದೆ ತಂಡದಲ್ಲಿ ಎಡೆಯಿರದೆಂದು ಮುಖಾಮುಖಿಯಾಗಿ ತಿಳಿಸಿದುದನ್ನು ಕುರಿತೂ ಎರಡು ಅಭಿಪ್ರಾಯಗಳಿವೆ. ಸಾಹಾ ಅವರಿಗೆ ನೋವಾಯಿತು. ಅದನ್ನು ಬಹಿರಂಗವಾಗಿ ಹೇಳಿಯೂ ಹೇಳಿದರು. ತಮಗೆ ಅದರಿಂದ ಬೇಸರವಿಲ್ಲ, ಪತ್ರಿಕೆಗಳಿಂದ ತಿಳಿಯುವುದಕ್ಕಿಂತ ತಮ್ಮ ಬಾಯಿಂದ ನಿಜವನ್ನು ತಿಳಿಯುವುದು ಅವರಿಗೆ ಸಲ್ಲಬೇಕಾದ ಗೌರವ ಎಂಬರ್ಥದಲ್ಲಿ ದ್ರಾವಿಡ್ ಅವರು ಉತ್ತರಿಸಿದರು. ಅಪ್ರಿಯವಾದ ಸತ್ಯವನ್ನು ಹೇಳುವ ಗುರುವನ್ನು ಪ್ರೀತಿಸುವುದು ಸುಲಭವಲ್ಲ. ಕೇಳಿದವನ ನೋವು ಸುಳ್ಳೂ ಅಲ್ಲ.

ಈ ಬಗೆಯ ಇಬ್ಬಂದಿ ನಮ್ಮ ಕಾವ್ಯಪರಂಪರೆಗೆ ಪರಿಚಿತವಾದುದು. ಅರ್ಜುನನನ್ನು ಕಥಾನಾಯಕನನ್ನಾಗಿ ಆರಿಸಿಕೊಂಡ ಪಂಪ ಮಹಾಕವಿ ಕರ್ಣನ ಹಿರಿಮೆಯನ್ನು ಮುಚ್ಚಿಡಲಿಲ್ಲ. ಭೀಮನ ಗೆಲವನ್ನು ಹಾಡಲು ಹೊರಟ ರನ್ನ ದುರ್ಯೋಧನನಿಗಾಗಿ ನಮ್ಮ ಕಣ್ಣಲ್ಲಿ ನೀರು ತರಿಸಿದ. ಇನ್ನು ದ್ರೋಣಾಚಾರ್ಯ! ಬಿಲ್ವಿದ್ಯೆಗೆ ಆತನಂತಹ ಗುರು ಮತ್ತೊಬ್ಬನಿಲ್ಲ; ಏಕಲವ್ಯನ ಹೆಬ್ಬೆರಳನ್ನು ಕೇಳಿದವನೂ ಆತನೇ. ಭಾರತ ಸರ್ಕಾರವು 1985ರಿಂದ ಕ್ರೀಡಾ ತರಬೇತುದಾರರಿಗೆ ಕೊಡುತ್ತಿರುವ ಪ್ರಶಸ್ತಿಗೆ ಆತನ ಹೆಸರನ್ನೇ ಇಟ್ಟಿದೆ. ಅರ್ಜುನನ ಗುರಿಯನ್ನೂ ಏಕಲವ್ಯನ ಬೆರಳನ್ನೂ ಒಟ್ಟಿಗೆ ನೆನಪಿಡಬಲ್ಲವನೇ ಆ ಹೆಸರನ್ನು ಸರಿಯಾಗಿ ಉಚ್ಚರಿಸಬಲ್ಲ. ಇಬ್ಬಗೆಯ ಭಾವವನ್ನು ಚಂಚಲತೆಯೆಂದು ಹಳಿಯುವುದುಂಟು. ಗುಣವನ್ನು ಕಂಡು ತಲೆಬಾಗಿ, ದೋಷವನ್ನು ಕಂಡು ಕಣ್ಣು ಮುಚ್ಚದಿರುವ ಮನಸ್ಸು ಚಂಚಲವಲ್ಲ, ಪಕ್ವವಾದುದು. ಗುರುವಿಗೆ ಸಲ್ಲಿಸಬಹುದಾದ ಅತ್ಯುತ್ತಮ ಕಾಣಿಕೆ ಅದೇ ಎಂಬುದು ನಮ್ಮ ಅಭಿಮತ.

ಇಷ್ಟೆಲ್ಲವನ್ನೂ ಬರೆದ ಉದ್ದೇಶ ಕ್ರಿಕೆಟ್ಟಿನ ವ್ಯಾಖ್ಯಾನವಲ್ಲ. ವಾಚಕರಲ್ಲಿ ಬಹುಮಂದಿ ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು, ಶಾಲೆಯನ್ನು ಪೋಷಿಸುತ್ತಿರುವ ದಾನಿಗಳು. ಮೂವರಲ್ಲಿಯೂ ಒಂದೊಂದು ಬಿನ್ನಹವಿದೆ.

ಅಧ್ಯಾಪಕ ಬಂಧುಗಳೇ, ಎಸ್.ಎಸ್.ಎಲ್.ಸಿ. ಫಲಿತಾಂಶದ ಶೇಕಡವಾರು ಅಂಕಿ ಇಂದು ನಮ್ಮನ್ನು ಅಳೆಯುವ ಕೊಳಗವಾಗಿದೆ. ಆ ಅಂಕಿ ಬೇಡವೆಂದು ಹೇಳುವ ಧೈರ್ಯ ಈ ಲೇಖಕನಿಗೂ ಇಲ್ಲ. ಬಡವರ ಮಕ್ಕಳ ಮುಂದಿನ ದಾರಿ ಅದರಲ್ಲಿದೆ. ಆದರೆ ಶೇಕಡ ನೂರರ ಆಸೆಯಿಂದ, ಹಿಂದುಳಿದ ಹುಡುಗನಿಗೆ ಒಂಬತ್ತನೆಯ ತರಗತಿಯಲ್ಲಿಯೇ ವರ್ಗಾವಣೆ ಪತ್ರವನ್ನು ಕೈಗಿತ್ತು ಕಳುಹಿಸುವ ಶಾಲೆಗಳು ನಾಡಿನಲ್ಲಿ ಇಲ್ಲವೆಂದು ಎದೆಮುಟ್ಟಿ ಹೇಳಬಲ್ಲೆವೆ? ಹಾಗೆ ಹೊರಬಿದ್ದ ಹುಡುಗನು ಯಾವ ಶಾಲೆಯ ಅಂಕಿಅಂಶದಲ್ಲಿಯೂ ಸೋತವನಾಗಿ ಕಾಣುವುದಿಲ್ಲ. ಕಾಫಿತೋಟದ ಕೂಲಿಯ ಪಟ್ಟಿಯಲ್ಲಿ ಕಾಣುತ್ತಾನೆ. ಪ್ರವಾಸಕ್ಕೆ ಕರೆದೊಯ್ದ ಪ್ರತಿಯೊಬ್ಬನಿಗೂ ಆಡಲು ಎಡೆಕೊಟ್ಟ ಗುರುವಿನಿಂದ ನಾವು ಕಲಿಯಬೇಕಾದ ಪಾಠ ಇಲ್ಲಿದೆ. ಎಂಟನೆಯ ತರಗತಿಗೆ ಸೇರಿದ ಪ್ರತಿಯೊಂದು ಮಗುವೂ ಹತ್ತನೆಯ ತರಗತಿಯ ಪರೀಕ್ಷಾಮಂದಿರದಲ್ಲಿ ಕುಳಿತುಕೊಂಡಿತೆ ಎಂಬುದನ್ನು ಮೊದಲು ಎಣಿಸೋಣ. ಎಷ್ಟು ಮಂದಿ ತೇರ್ಗಡೆಯಾದರೆಂಬುದನ್ನು ಆಮೇಲೆ ಎಣಿಸೋಣ. ಶೇಕಡ ನೂರು ಶೇಕಡ ತೊಂಬತ್ತಾದರೆ ಆಗಲಿ. ಆ ಹತ್ತು ನಮ್ಮ ಮಾನವನ್ನು ಕಳೆಯದು.

ದಾನಿ ಮಹಾಶಯರೇ, ಮೊದಲ ಸ್ಥಾನ ಪಡೆದವನಿಗೆ ಪದಕ, ನೂರಕ್ಕೆ ನೂರು ಫಲಿತಾಂಶ ತಂದ ಅಧ್ಯಾಪಕನಿಗೆ ಶಾಲು ಎಂದು ತಾವು ಉದಾರವಾಗಿ ನಿಧಿಗಳನ್ನು ಸ್ಥಾಪಿಸುತ್ತಿದ್ದೀರಿ. ಹತ್ತನೆಯ ತರಗತಿಯ ಗಣಿತದ ಅಧ್ಯಾಪಕನ ಗೆಲವಿನಲ್ಲಿ, ಆ ಮಗುವಿಗೆ ಮಗ್ಗಿ ಕಲಿಸಿದ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯ ಪಾಲೆಷ್ಟು? ಜಡಿಮಳೆಯಲ್ಲಿಯೂ ಹೊತ್ತಿಗೆ ಸರಿಯಾಗಿ ವಿದ್ಯಾರ್ಥಿನಿಲಯದಲ್ಲಿ ಬಿಸಿಯನ್ನ ಬಡಿಸಿದ ಅಡುಗೆಯವರ ಪಾಲೆಷ್ಟು? ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಿತ್ಯವೂ ಬೋಧಿಸುವ ಪರಂಪರೆಯ ಆಶ್ರಯದಲ್ಲಿರುವ ನಾವು, 50 ಲಕ್ಷ ಮತ್ತು 20 ಲಕ್ಷದ ಭೇದವನ್ನು ಅಳಿಸಿ ಎಲ್ಲರಿಗೂ 25 ಲಕ್ಷವನ್ನು ಕೊಡಿಸಿದ ಆಟಗಾರನಿಗಿಂತ ಹಿಂದೆ ಬೀಳಬಾರದು. ಮುಂದಿನ ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೇಲಿನ ಒಂದು ಶಾಲು ಹಲವು ಶಾಲುಗಳಾಗಲಿ. ಬೆಲೆ ಕಡಿಮೆಯಾದರೂ ಚಿಂತೆಯಿಲ್ಲ.

ಹಳೆಯ ವಿದ್ಯಾರ್ಥಿಗಳೇ, ತಮ್ಮ ನೆನಪಿನ ಬರಹಗಳು ಇಂತಹ ಸಂಚಿಕೆಗಳಿಗೆ ಕಳೆ. ಆದರೆ ಅವುಗಳನ್ನು ಒಂದರ ಮೇಲೊಂದಾಗಿ ಓದುತ್ತ ಹೋದರೆ, ನಮ್ಮ ಶಾಲೆಗಳಲ್ಲಿ ಎಂದೂ ಬೆತ್ತವೇ ಇರಲಿಲ್ಲವೆಂದೂ ಯಾವ ಮಗುವೂ ಹೆದರಿ ಅಳಲಿಲ್ಲವೆಂದೂ ಭ್ರಮೆ ಹುಟ್ಟುತ್ತದೆ. ಹಳಗನ್ನಡದ ಸೊಗಸನ್ನು ಮನಸ್ಸಿಗೆ ಹಿಡಿಸಿದವರೇ ಗುಣಿತ ತಪ್ಪಿದವನನ್ನು ಎಲ್ಲರೆದುರು ಹೀನೈಸಿರಬಹುದು. ಎರಡನ್ನೂ ಬರೆಯಿರಿ. ಹಗೆಯಿಂದ ಬರೆಯಬೇಡಿ, ಭಯದಿಂದ ಬಿಡಬೇಡಿ. ಸತ್ತ ಗುರುವಿಗೆ ಅದರಿಂದ ಕುಂದಿಲ್ಲ. ಬದುಕಿರುವ ಅಧ್ಯಾಪಕರಿಗೆ ಅದರಿಂದ ಎಚ್ಚರವುಂಟು.

ಕೊನೆಯದಾಗಿ ಒಂದು ಮಾತು. 2023ರ ಅಹಮದಾಬಾದಿನ ಸೋಲಿನ ಬಳಿಕ ಬಿಟ್ಟುಹೋಗಲೆಣಿಸಿದ್ದ ತಮ್ಮನ್ನು ರೋಹಿತ್ ಶರ್ಮ ಅವರು ದೂರವಾಣಿಯಲ್ಲಿ ಕರೆದು ಮುಂದುವರಿಯುವಂತೆ ಕೇಳಿಕೊಂಡರೆಂದು ದ್ರಾವಿಡ್ ಅವರೇ ಹೇಳಿ ಕೃತಜ್ಞತೆ ಸೂಚಿಸಿದ್ದಾರೆ. ನಾಡೆಲ್ಲ ಸೋಲಿನ ಲೆಕ್ಕ ಹಾಕುತ್ತಿದ್ದಾಗ, ದಿನವೂ ಹತ್ತಿರವಿದ್ದು ಕಂಡ ಶಿಷ್ಯನು ಬೇರೊಂದು ಲೆಕ್ಕವನ್ನು ಹಾಕಿದ್ದನು. ಮುಂದೆ 2025ರ ಐಪಿಎಲ್‌ನಲ್ಲಿ ಅವರ ತರಬೇತಿಯ ರಾಜಸ್ಥಾನ ತಂಡ ಹತ್ತರಲ್ಲಿ ಒಂಬತ್ತನೆಯದಾಯಿತು. ಆ ಆಗಸ್ಟಿನಲ್ಲಿ ಅವರು ಆ ಸ್ಥಾನವನ್ನೂ ಬಿಟ್ಟರು. ಅದೇ ಸಾಲಿನಲ್ಲಿ ಅದೇ ತಂಡದ 14 ವರ್ಷದ ಬಾಲಕ ವೈಭವ್ ಸೂರ್ಯವಂಶಿ 35 ಎಸೆತಗಳಲ್ಲಿ ಶತಕ ಬಾರಿಸಿದಾಗ, ಕಾಲಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿ ಕುಳಿತಿದ್ದ ಗುರು ನೋವನ್ನು ಮರೆತು ಎದ್ದು ನಿಂತರು. ಅಂಕಪಟ್ಟಿಯಲ್ಲಿ ಒಂಬತ್ತನೆಯ ಸ್ಥಾನ ದಾಖಲಾಗಿದೆ; ಎದ್ದು ನಿಂತುದು ಅದರಲ್ಲಿ ದಾಖಲಾಗಿಲ್ಲ. ಎರಡನ್ನೂ ಹಿಡಿಸುವ ಕೊಳಗವೊಂದನ್ನು ನಮ್ಮ ಶಾಲೆಗಳು ಮಾಡಿಕೊಳ್ಳಲಿ ಎಂದು ಹಾರೈಸಿ ವಿರಮಿಸುತ್ತೇನೆ.